ಜಸ್ಟಿಫೈ ಮಾಡಿದ ಕನ್ನಡ ಪಠ್ಯದಲ್ಲಿ ಪದಗಳು ದೂರ ಸರಿಯುವುದೇಕೆ?

ಪ್ರಶ್ನೆ: ಸೋಮವಾರಪೇಟೆ ಬಳಿಯ ಸಹಕಾರ ಸಂಘವೊಂದರ ವಾರ್ಷಿಕ ವರದಿಯನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಪಠ್ಯವನ್ನೆಲ್ಲ ಜಸ್ಟಿಫೈ ಮಾಡಿದ (ಎಡ, ಬಲ ಎರಡೂ ಅಂಚುಗಳಿಗೆ ಸಮನಾಗಿ ಹೊಂದಿಸಿದ) ಮೇಲೆ ಕೆಲವು ಸಾಲುಗಳಲ್ಲಿ ಪದಗಳು ದೂರ ದೂರ ನಿಂತಿವೆ. ಮೂರೇ ಪದಗಳ ಸಾಲೊಂದು ಇಡೀ ಪುಟದ ಅಗಲಕ್ಕೆ ಹರಡಿಕೊಂಡಿದೆ. ಅಧ್ಯಕ್ಷರ ಸಹಿಯ ಜಾಗವಂತೂ ಮಡಿಕೇರಿಯ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಪಕ್ಕಕ್ಕೆ ಸರಿದಿತ್ತು. ಏನು ಮಾಡಲಿ?

ಉತ್ತರ: ಮೂರು ಪದಗಳ ಆ ಸಾಲಿನ ಕೊನೆಯಲ್ಲಿ ಎಂಟರ್ ಬದಲು ಶಿಫ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿರಬೇಕು, ಇಲ್ಲವೇ ಬೇರೆಡೆಯಿಂದ ನಕಲು ಮಾಡಿ ತಂದ ಪಠ್ಯದೊಂದಿಗೆ ಆ ಗುರುತು ಬಂದಿರಬೇಕು. ಪ್ಯಾರಾದ ಕೊನೆಯ ಸಾಲನ್ನು ವರ್ಡ್ ಹಿಗ್ಗಿಸುವುದಿಲ್ಲ. ಆದರೆ ಶಿಫ್ಟ್-ಎಂಟರ್‌ನಿಂದ ಪ್ಯಾರಾ ಮುಗಿಯದೆ ಸಾಲು ಮಾತ್ರ ಮುರಿಯುವುದರಿಂದ, ಅದನ್ನು ನಡುವಿನ ಸಾಲೆಂದೇ ಪರಿಗಣಿಸಿ ಬಲ ಅಂಚಿನವರೆಗೆ ಎಳೆಯುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು 8 ಒತ್ತಿದರೆ ಅಂಥ ಕಡೆಗಳಲ್ಲಿ ಬಾಗಿದ ಬಾಣ ಕಾಣುತ್ತದೆ. ಅದನ್ನು ಅಳಿಸಿ ಎಂಟರ್ ಒತ್ತಿ. ಹಲವು ಕಡೆ ಇದ್ದರೆ ಕಂಟ್ರೋಲ್ ಮತ್ತು ಎಚ್ ಒತ್ತಿ, ತೆರೆದುಕೊಳ್ಳುವ ಹುಡುಕಿ-ಬದಲಿಸುವ ಚೌಕಟ್ಟಿನಲ್ಲಿ ಮೋರ್ ಒತ್ತಿದರೆ ಕಾಣುವ ಸ್ಪೆಷಲ್ ಪಟ್ಟಿಯಲ್ಲಿರುವ ಮ್ಯಾನುಯಲ್ ಲೈನ್ ಬ್ರೇಕ್‌ನ ಜಾಗಕ್ಕೆ ಪ್ಯಾರಾಗ್ರಾಫ್ ಮಾರ್ಕ್ ಬರುವಂತೆ ಬದಲಿಸಿ.

ಉಳಿದ ಸಾಲುಗಳ ತೊಂದರೆ ಕನ್ನಡದ ಸ್ವಭಾವಕ್ಕೇ ಸೇರಿದ್ದು. ಸಾಲಿನಲ್ಲಿ ಮಿಕ್ಕ ಜಾಗವನ್ನು ವರ್ಡ್ ಪದಗಳ ನಡುವಿನ ತೆರವುಗಳಿಗೆ ಹಂಚುತ್ತದೆ. 18 ಮಿಲಿಮೀಟರ್ ಮಿಕ್ಕಿದೆ ಎನ್ನೋಣ: ಒಂಬತ್ತು ತೆರವುಗಳಿದ್ದರೆ ತಲಾ 2 ಮಿಲಿಮೀಟರ್ ಸೇರಿ ಕಣ್ಣಿಗೆ ಅಷ್ಟಾಗಿ ಬೀಳದು, ಮೂರೇ ಇದ್ದರೆ ತಲಾ 6 ಮಿಲಿಮೀಟರ್ ಸೇರಿ ಸಾಲು ಒಡೆದಂತೆ ಕಾಣುತ್ತದೆ. ‘ವಿತರಿಸಬೇಕಾಗಿರುವುದರಿಂದ’ ಎಂಬಂಥ ಪದ ಸಾಲಿನ ಕೊನೆಯಲ್ಲಿ ಹಿಡಿಸದೆ ಇಡಿಯಾಗಿ ಕೆಳಗಿಳಿದಾಗ ಆಗುವುದು ಇದೇ. ಅಲ್ಲಿ ‘ವಿತರಿಸಬೇಕಾಗಿರುವ ಕಾರಣ’ ಎಂದು ಬರೆದರೆ ಸಾಲು ಮುರಿಯಲು ಇನ್ನೊಂದು ಜಾಗ ಸಿಗುತ್ತದೆ. ವರದಿಯನ್ನು ಎರಡು ಕಾಲಂಗಳಲ್ಲಿ ಹಾಕುವುದಾದರೆ, ಅಥವಾ ಕಾಫಿ, ಕಾಳುಮೆಣಸು, ಗೊಬ್ಬರ ಸಾಲದ ವಿವರಗಳಿರುವ ಕೋಷ್ಟಕವಾದರೆ, ಜಸ್ಟಿಫೈ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಟ್ರೋಲ್ ಮತ್ತು ಎಲ್ ಒತ್ತಿ ಎಡ ಅಂಚಿಗೆ ಹೊಂದಿಸಿದ ಪಠ್ಯವೇ ಅಲ್ಲಿ ಓದಲು ಸುಲಭ. ಅಂಕಿಗಳು ಮಾತ್ರ ಬಲಕ್ಕಿರಲಿ.

ಸಹಿಯ ಜಾಗ ಸರಿದಿರುವುದಕ್ಕೆ ಸ್ಪೇಸ್ ಬಾರ್ ಒತ್ತೊತ್ತಿ ಹೊಂದಿಸಿರುವುದೇ ಕಾರಣವಿರಬೇಕು, ಏಕೆಂದರೆ ಫಾಂಟ್ ಬದಲಾದರೆ ತೆರವಿನ ಅಗಲವೂ ಬದಲಾಗುತ್ತದೆ. ಆ ಸಾಲನ್ನು ಎಡಕ್ಕೆ ಹೊಂದಿಸಿ, ರೂಲರ್‌ನ (ಪುಟದ ಮೇಲಿನ ಅಳತೆಪಟ್ಟಿಯ) ಎಡತುದಿಯ ಚೌಕವನ್ನು ಬಲ ಟ್ಯಾಬ್ ಗುರುತು ಬರುವವರೆಗೆ ಕ್ಲಿಕ್ ಮಾಡಿ, ಬಳಿಕ ರೂಲರ್ ಮೇಲೆ ಬಲ ಅಂಚಿನ ಬಳಿ ಒಮ್ಮೆ ಕ್ಲಿಕ್ ಮಾಡಿ. ‘ಸ್ಥಳ: ಸೋಮವಾರಪೇಟೆ’ ಎಂದು ಬರೆದು, ಒಮ್ಮೆ ಟ್ಯಾಬ್ ಒತ್ತಿ ‘ಅಧ್ಯಕ್ಷರು’ ಎಂದು ಬರೆದರೆ ಅದು ಬಲಕ್ಕೆ ಹೊಂದಿ ನಿಲ್ಲುತ್ತದೆ. ಮುದ್ರಣಾಲಯಕ್ಕೆ ವರ್ಡ್ ಕಡತದ ಬದಲು ಪಿಡಿಎಫ್ ಕಳುಹಿಸಿ. ನಿಮ್ಮ ಫಾಂಟ್ ಅವರಲ್ಲಿ ಇಲ್ಲದಿದ್ದರೂ ಸಾಲುಗಳು ನೀವು ಹೊಂದಿಸಿದಂತೆಯೇ ಉಳಿಯುತ್ತವೆ.