ಬೆನ್ನಿನ ಆಪರೇಷನ್ ಆಗಿ ಮೂರು ವಾರ: ನೋವು, ನಡಿಗೆ, ಈ ಸಲದ ಕೊಯ್ಲು

ಸಾಗರ ಕಡೆಯ ತಮ್ಮ ನಿನ್ನೆ ರಾತ್ರಿ ಈ ಗುಂಪಿನಲ್ಲಿ ಕೇಳಿದ್ದು ಇಷ್ಟು: ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ) ಆಪರೇಷನ್ ಆಗಿ ಮೂರು ವಾರ ಆಯ್ತು, ರಾತ್ರಿ ನೋವಿಗೆ ನಿದ್ದೆ ಇಲ್ಲ, ಎಡಪಾದ ಇನ್ನೂ ಜೋಮು. ಅಮ್ಮ ಮೂರು ತಿಂಗಳು ಮಲಗೇ ಇರು ಅಂತಾರೆ, ಸ್ನೇಹಿತರು ಮಾತ್ರೆ ಬಿಡು, ಕಿಡ್ನಿ ಹೋಗುತ್ತೆ ಅಂತಾರೆ. ಅಡಿಕೆ ಕೊಯ್ಲು ಎದುರಿಗೇ ಇದೆ, ತೋಟಕ್ಕೆ ಯಾವಾಗ ಇಳಿಯಬಹುದು? ಕೆಳಗೆ ಬಂದ ಉತ್ತರಗಳಲ್ಲಿ ಎಣ್ಣೆ ತಿಕ್ಕಿಸಿ ಅನ್ನುವವರೇ ಹೆಚ್ಚು. ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ನನಗೂ ಅದೇ ಜಾಗದಲ್ಲಿ ಅದೇ ಆಪರೇಷನ್ ಆಗಿ ಈ ದೀಪಾವಳಿಗೆ ನಾಲ್ಕು ವರ್ಷ. ನಾನು ಡಾಕ್ಟರಲ್ಲ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ ಮಾಡಿಕೊಂಡಿರುವವನು. ನಿಮ್ಮ ಡಾಕ್ಟರು ಹೇಳಿದ್ದಕ್ಕೂ ನಾನು ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಹಿಡಿಯಿರಿ.

ಮೊದಲು ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಹೊರಬಂದ ಡಿಸ್ಕಿನ ಚೂರು ಮಾತ್ರ ತೆಗೆದಿದ್ದಾರೋ, ಸ್ಕ್ರೂ-ರಾಡು ಹಾಕಿ ಮೂಳೆ ಜೋಡಿಸಿದ್ದಾರೋ? ಎರಡನ್ನೂ ಊರಲ್ಲಿ "ಬೆನ್ನಿನ ಆಪರೇಷನ್" ಅಂತಲೇ ಕರೆಯುತ್ತಾರೆ, ಆದರೆ ಲೆಕ್ಕ ಪೂರ್ತಿ ಬೇರೆ. ಮೂಳೆ ಜೋಡಿಸಿದ್ದರೆ ಅದು ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷವೂ ಹಿಡಿಯುತ್ತೆ. ನನ್ನದು ಚೂರು ತೆಗೆದ ಆಪರೇಷನ್. ಮುಂದೆ ಬರೆಯುವುದೆಲ್ಲ ಅದಕ್ಕೆ ಸಂಬಂಧಿಸಿದ್ದು.

ಅಮ್ಮನ ಮಾತಿನ ಹಿಂದಿರುವ ಅಕ್ಕರೆ ಗೊತ್ತಾಗುತ್ತೆ. ನಮ್ಮ ಅತ್ತೆಯೂ ಹೀಗೇ ಹೇಳಿದ್ದರು, ನಾನು ಕೋಣೆಯಿಂದ ಹೊರಗೆ ಕಾಲಿಟ್ಟರೆ ಹಿಂದೆಯೇ ಬರುತ್ತಿದ್ದರು. ಆದರೆ ಮೂರು ತಿಂಗಳು ಮಲಗಿದರೆ ಬೆನ್ನನ್ನು ಹಿಡಿದಿಡುವ ಸ್ನಾಯುಗಳೇ ಸೊರಗುತ್ತವೆ, ಮಲಬದ್ಧತೆ ಶುರುವಾಗುತ್ತೆ, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಆಸ್ಪತ್ರೆಯಲ್ಲಿ ನಿಮ್ಮನ್ನು ಮಾರನೇ ದಿನವೇ ಎಬ್ಬಿಸಿ ನಡೆಸಿರಬೇಕಲ್ಲ? ಅದು ಹಾಸಿಗೆ ಖಾಲಿ ಮಾಡಿಸೋಕೆ ಅಲ್ಲ. ಈ ಹೊತ್ತಿನಲ್ಲಿ ನಡಿಗೆಯೇ ನಿಮ್ಮ ದೊಡ್ಡ ಔಷಧಿ, ಇದನ್ನು ಅಮ್ಮನಿಗೂ ಓದಿ ಹೇಳಿ.

ನಾನು ನಡೆದದ್ದು ಹೀಗೆ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಅಂಗಳದ ತುಂಬ ಪಾಚಿ, ಅಲ್ಲಿ ಕಾಲಿಡುವ ಹಾಗಿರಲಿಲ್ಲ. ನಮ್ಮ ಜಗಲಿ 30 ಅಡಿ ಉದ್ದ. ಒಂದು ತುದಿಯ ಕಟ್ಟೆ ಮೇಲೆ ಹತ್ತು ಗೋಟಡಿಕೆ ಸಾಲಾಗಿ ಇಟ್ಟೆ. ಹೋಗಿ ಬಂದರೆ 60 ಅಡಿ, ಬಂದ ಕೂಡಲೇ ಒಂದು ಅಡಿಕೆಯನ್ನು ಪಕ್ಕದ ಬಟ್ಟಲಿಗೆ ಹಾಕುವುದು. ಹತ್ತೂ ಬಟ್ಟಲಿಗೆ ಬಿದ್ದರೆ 600 ಅಡಿ, ಸುಮಾರು 180 ಮೀಟರ್. ಮೊದಲ ವಾರ ಹತ್ತು ಅಡಿಕೆ ದಿನಕ್ಕೆ ನಾಲ್ಕು ಸಲ. ಮೂರು ದಿನಕ್ಕೊಮ್ಮೆ ಎರಡೆರಡು ಅಡಿಕೆ ಹೆಚ್ಚಿಸಿದೆ. ಕಟ್ಟೆ ಸೊಂಟದೆತ್ತರಕ್ಕೆ ಇದ್ದದ್ದರಿಂದ ಬಾಗಬೇಕಾಗಲಿಲ್ಲ. ನಿಮ್ಮಲ್ಲಿ ಕಟ್ಟೆ ತಗ್ಗಿದ್ದರೆ ಒಂದು ಸ್ಟೂಲ್ ಇಟ್ಟುಕೊಳ್ಳಿ. ಒಂದೇ ಸಲ ಉದ್ದ ನಡೆಯುವುದಕ್ಕಿಂತ ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ನಡೆಯುವುದು ಒಳ್ಳೆಯದು. ನಡೆದ ಮೇಲೆ ಬೆನ್ನು ಸ್ವಲ್ಪ ಬಿಗಿದು ಅರ್ಧ ಗಂಟೆಯಲ್ಲಿ ಇಳಿದರೆ ಲೆಕ್ಕ ಸರಿ ಇದೆ. ಮಾರನೇ ಬೆಳಿಗ್ಗೆಗೂ ಹೆಚ್ಚಿನ ನೋವು ಉಳಿದಿದ್ದರೆ ಅಡಿಕೆ ಕಡಿಮೆ ಮಾಡಿ, ಆದರೆ ಸೊನ್ನೆ ಮಾಡಬೇಡಿ.

ಈಗ ಮಾತ್ರೆ. ನೋವು ತಡೆದುಕೊಳ್ಳುವುದೇ ಗಂಡಸ್ತನ ಅನ್ನುವ ಹಾಗೆ ನಮ್ಮ ಕಡೆ ಮಾತಾಡುತ್ತಾರೆ. ನಾನೂ ಮೊದಲ ಹತ್ತು ದಿನ ಹಾಗೇ ಮಾಡಿದೆ. ತಡೆಯಲಾಗದಷ್ಟು ಆದ ಮೇಲೆ ಮಾತ್ರೆ ನುಂಗುವುದು, ಅದು ಕೆಲಸ ಶುರು ಮಾಡುವವರೆಗೆ ಒದ್ದಾಡುವುದು, ನಡಿಗೆ ತಪ್ಪಿಸುವುದು. ಮೈ ಮತ್ತಷ್ಟು ಬಿಗಿದುಕೊಳ್ಳುತ್ತಿತ್ತು. ಫಿಸಿಯೋದವರು ಒಂದೇ ಮಾತು ಹೇಳಿದರು: ಮಾತ್ರೆ ನೋವಿಗಲ್ಲ, ನಡಿಗೆಗೆ. ಅಲ್ಲಿಂದ ಮೊದಲ ಕೆಲವು ವಾರ ಗಡಿಯಾರ ನೋಡಿ, ಬರೆದುಕೊಟ್ಟ ಹೊತ್ತಿಗೇ ತೆಗೆದುಕೊಂಡೆ, ಮುಕ್ಕಾಲು ಗಂಟೆ ಬಿಟ್ಟು ಜಗಲಿಗೆ ಹೋದೆ. ನೋವು ಪೂರ್ತಿ ಹೋಗಲಿಲ್ಲ, ನಡೆಯುವಷ್ಟು ಇಳಿಯಿತು. ಅಷ್ಟು ಇಳಿದರೆ ಸಾಕು.

ಕಿಡ್ನಿಯ ಭಯ ಪೂರ್ತಿ ಸುಳ್ಳಲ್ಲ, ಆದರೆ ಎಲ್ಲ ಮಾತ್ರೆಗೂ ಅದು ಅನ್ವಯಿಸುವುದಿಲ್ಲ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಹೊಟ್ಟೆ ಹುಣ್ಣು ಮಾಡಬಲ್ಲವು, ಬಿಪಿ ಏರಿಸಬಲ್ಲವು. ಬಹಳ ದಿನ ತಿಂದರೆ, ನೀರು ಕಡಿಮೆ ಕುಡಿದರೆ, ಮೊದಲೇ ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಕಿಡ್ನಿಗೂ ಪೆಟ್ಟು. ಹಾಗಾಗಿ ಊಟ ಆದ ಮೇಲೆ, ಹೇಳಿದಷ್ಟೇ ದಿನ. ಮುಗಿದ ಮೇಲೆ ಮೆಡಿಕಲ್ ಶಾಪಿನಲ್ಲಿ ಅದೇ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ. ಮೂಳೆ ಜೋಡಿಸಿದವರಿಗೆ ಈ ಜಾತಿಯ ಮಾತ್ರೆಯನ್ನೇ ಕೆಲವು ಸರ್ಜನ್ನರು ಬೇಡ ಅನ್ನುವುದುಂಟು. ಪ್ಯಾರಾಸಿಟಮಾಲ್ ಇವುಗಳಿಗಿಂತ ಮೃದು, ಆದರೆ ಅದಕ್ಕೂ ಮಿತಿ ಇದೆ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. 650 ಮಿಲಿಗ್ರಾಮಿನ ಮಾತ್ರೆ ಆರು ಆದರೆ 3.9 ಗ್ರಾಂ ಆಗಿಬಿಡುತ್ತೆ. ಸಿಕ್ಕಿಬೀಳುವುದು ಎಲ್ಲಿ ಅಂದರೆ ನೋವಿನ ಜೋಡಿ ಮಾತ್ರೆಗಳಲ್ಲೂ, ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತೆ. ಮೂರು ಹೆಸರಿನಲ್ಲಿ ಒಂದೇ ಔಷಧಿ ನುಂಗಿ ಲಿವರ್ ಹಾಳು ಮಾಡಿಕೊಳ್ಳಬೇಡಿ, ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಮಕ್ಕಳ ಹತ್ತಿರ ಓದಿಸಿ.

ಕಾಲಿನ ಉರಿ, ಕರೆಂಟ್ ಹೊಡೆದ ಹಾಗಾಗುವುದಕ್ಕೆ ಪ್ರಿಗ್ಯಾಬಲಿನ್ ಅಥವಾ ಗ್ಯಾಬಾಪೆಂಟಿನ್ ಕೊಟ್ಟಿದ್ದರೆ ಅದನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಹಂತ ಹಂತವಾಗಿ ಇಳಿಸಬೇಕು, ಹೇಗೆ ಅನ್ನುವುದನ್ನು ಡಾಕ್ಟರೇ ಬರೆದುಕೊಡುತ್ತಾರೆ. ಇದೂ, ಟ್ರಮಡಾಲ್ ಅನ್ನುವ ಜೋರು ನೋವಿನ ಮಾತ್ರೆಯೂ ತಲೆ ತೂಕಡಿಸುವ ಹಾಗೆ ಮಾಡುತ್ತವೆ. ಈ ಮಾತ್ರೆ ನಡೆಯುವಷ್ಟು ದಿನ ಬೈಕ್ ಬೇಡ, ಸಂಕ (ಹಳ್ಳದ ಕಾಲುಸೇತುವೆ) ದಾಟುವುದು ಬೇಡ, ಗುಂಡು ಹಾಕುವುದಂತೂ ಬೇಡವೇ ಬೇಡ.

ಟ್ರಮಡಾಲ್ ಜಾತಿಯ ಮಾತ್ರೆಯಿಂದ ಮಲ ಗಟ್ಟಿಯಾಗುತ್ತೆ. ಇದನ್ನು ಹೇಳಿಕೊಳ್ಳಲು ಎಲ್ಲರಿಗೂ ಸಂಕೋಚ, ಆದರೆ ತಿಣುಕಿದರೆ ಬೆನ್ನಿಗೆ ಬೀಳುವ ಒತ್ತಡ ಅನುಭವಿಸಿದವರಿಗೇ ಗೊತ್ತು. ನನಗೆ ಎರಡನೇ ವಾರದ ಅತಿ ಕೆಟ್ಟ ನೋವು ಬಂದದ್ದು ಬಚ್ಚಲಲ್ಲಿ. ಬಾಳೆದಿಂಡಿನ ಪಲ್ಯ, ಹರಿವೆ, ಪಪ್ಪಾಯ, ಸಾಕಷ್ಟು ನೀರು. ಅಷ್ಟಕ್ಕೂ ಆಗದಿದ್ದರೆ ಮಲ ಮೆದುವಾಗುವ ಔಷಧಿ ಕೇಳಿ ಬರೆಸಿಕೊಳ್ಳಿ. ನಮ್ಮ ಮನೆಗಳಲ್ಲಿ ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆಯೇ ಜಾಸ್ತಿ, ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತೆ, ಇವತ್ತೇ ತರಿಸಿ.

ರಾತ್ರಿಯ ನೋವಿಗೆ ಅರ್ಧ ಪರಿಹಾರ ಮಲಗುವ ರೀತಿಯಲ್ಲೇ ಇದೆ. ಅಂಗಾತ ಮಲಗಿದರೆ ಮಂಡಿ ಕೆಳಗೆ ಒಂದು ದಪ್ಪ ದಿಂಬು, ಮಗ್ಗುಲಾದರೆ ಎರಡು ಮಂಡಿಗಳ ನಡುವೆ ಒಂದು. ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರೆ ಸದ್ಯ ಮಂಚಕ್ಕೆ ಬನ್ನಿ, ನೆಲದಿಂದ ಏಳುವಾಗ ಬೆನ್ನು ಬಾಗದೆ ಇರುವುದಿಲ್ಲ. ಏಳುವಾಗ ಮೊದಲು ಎರಡೂ ಮಂಡಿ ಮಡಿಸಿ. ಹೆಗಲು, ಸೊಂಟ, ಮಂಡಿ ಮೂರೂ ಒಟ್ಟಿಗೆ ತಿರುಗುವ ಹಾಗೆ, ದಿಮ್ಮಿ ಉರುಳಿಸಿದಂತೆ ಮಗ್ಗುಲಾಗಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಲೇ ಮೊಣಕೈ ಊರಿ ಮೇಲೇಳಿ. ಕಾಲು ಇಳಿಯುವ ಭಾರಕ್ಕೆ ಮೈ ತಾನಾಗಿ ಏಳುತ್ತೆ, ಬೆನ್ನಿಗೆ ಕೆಲಸವೇ ಇಲ್ಲ. ಒಂದು ನಿಮಿಷ ಹಾಗೇ ಕೂತು ಆಮೇಲೆ ನಿಲ್ಲಿ. ಕೆಮ್ಮು, ಸೀನು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಿ.

ಎಣ್ಣೆ ತಿಕ್ಕಿಸಿ ಅಂದವರಿಗೆ ಒಂದು ಮಾತು. ನಾಟಿ ಔಷಧಿಯ ಮೇಲೆ ನನಗೂ ಗೌರವ ಇದೆ, ಆದರೆ ಕೊಯ್ದು ಹೊಲಿದ ಜಾಗವನ್ನು ಮೂರನೇ ವಾರದಲ್ಲಿ ಒತ್ತಿ ತಿಕ್ಕುವುದು, ಸೊಂಟ ತಿರುವಿ ಲಟಕ್ಕೆನಿಸುವುದು ಅಪಾಯ. ಗಾಯದ ಮೇಲೆ ಯಾವ ಲೇಪವೂ ಬೇಡ. ಬಿಸಿನೀರಿನ ಶಾಖ ಕೊಡುವುದಾದರೆ ಗಾಯ ಬಿಟ್ಟು ಅಕ್ಕಪಕ್ಕದ ಸ್ನಾಯುಗಳಿಗೆ, ಬಟ್ಟೆ ಸುತ್ತಿ, ಹದಿನೈದು ನಿಮಿಷ. ಜೋಮು ಇರುವ ಪಾದಕ್ಕಂತೂ ಶಾಖ ಬೇಡ, ಸುಟ್ಟದ್ದು ಗೊತ್ತೇ ಆಗುವುದಿಲ್ಲ.

ಆ ಜೋಮಿನ ಬಗ್ಗೆ ನೀವು ತುಂಬ ಹೆದರಿದ್ದು ಬರಹದಲ್ಲೇ ಕಾಣುತ್ತೆ. ಆಪರೇಷನ್ ನರದ ಮೇಲೆ ಕೂತಿದ್ದ ಭಾರ ಇಳಿಸುತ್ತೆ, ನರ ಸುಧಾರಿಸಿಕೊಳ್ಳುವುದು ಆಮೇಲೆ. ಸಾಮಾನ್ಯವಾಗಿ ಕಾಲಿನ ಸೆಳೆತ ಮೊದಲು ಹೋಗುತ್ತೆ, ಜೋಮು ಕೊನೆಗೆ. ನರದ ಒಳಗಿನ ಎಳೆಗೇ ಪೆಟ್ಟಾಗಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಸೊಂಟದಿಂದ ಪಾದದವರೆಗಿನ ದೂರ ಅಳೆದು ನೋಡಿ. ನನ್ನ ಹೆಬ್ಬೆರಳಿಗೆ ಸ್ಪರ್ಶ ಬಂದದ್ದು ಎಂಟನೇ ತಿಂಗಳಲ್ಲಿ. ಒಂದು ದಿನ ಬೆಳಿಗ್ಗೆ ಅಂಗಳದ ಇಬ್ಬನಿ ತಣ್ಣಗೆ ತಾಗಿತು, ಅಲ್ಲೇ ನಿಂತುಬಿಟ್ಟೆ.

ಜೋಮು ಬೇರೆ, ಬಲ ಹೋಗುವುದು ಬೇರೆ. ದಿನಾ ಒಂದು ಸಲ ಗೋಡೆ ಹಿಡಿದು ನಿಂತು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ ನೋಡಿ. ನಿನ್ನೆ ಎತ್ತುತ್ತಿದ್ದ ಹೆಬ್ಬೆರಳು ಇವತ್ತು ಏಳದಿದ್ದರೆ, ಚಪ್ಪಲಿ ಕಾಲಿನಿಂದ ಜಾರತೊಡಗಿದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಹೋದರೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಮರಗಟ್ಟಿದರೆ ಬೆಳಗಾಗುವುದನ್ನೂ ಕಾಯಬೇಡಿ, ರಾತ್ರಿಯೇ ಗಾಡಿ ಮಾಡಿ. ಒಂದು ಮೀನಖಂಡ ಮಾತ್ರ ಊದಿ ನೋಯುವುದು, ಎದೆ ನೋವು, ಉಸಿರು ಕಟ್ಟುವುದೂ ಅಷ್ಟೇ ತುರ್ತು. ಗಾಯ ಕೆಂಪಾಗಿ ಸೋರಿದರೆ, ಜ್ವರ ಬಂದರೆ ತೋರಿಸಿ. ನಮ್ಮ ಕಡೆ ಚಳಿಗಾಲ ಕಳೆದು ಬೇಸಿಗೆವರೆಗೆ ಜ್ವರ ಅಂದ ಕೂಡಲೇ ಮಂಗನ ಕಾಯಿಲೆಯ ಯೋಚನೆ ಬರುತ್ತೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಕಾಯಿಲೆ, ಆ ಯೋಚನೆ ಬರಬೇಕಾದದ್ದೇ. ಆದರೆ ಯಾವ ಜ್ವರಕ್ಕೆ ಯಾವ ಡಾಕ್ಟರಲ್ಲಿ ಹೋದರೂ ಬೆನ್ನಿನ ಆಪರೇಷನ್ ಆಗಿದೆ ಅಂತ ಮೊದಲು ಹೇಳಿ.

ಇನ್ನು ಕೊಯ್ಲು. ಇದನ್ನು ಬರೆಯಲೆಂದೇ ಕೂತಿದ್ದೇನೆ. ನನಗೆ ಪೆಟ್ಟಾದದ್ದು ನೋವಿದ್ದ ದಿನ ಅಲ್ಲ, ನೋವಿಲ್ಲದ ದಿನ. ಐದನೇ ವಾರ, ಬಿಸಿಲು ಬಿದ್ದಿತ್ತು, ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು. ನಡೆಯುತ್ತ ತೋಟದ ಮೊದಲ ಸಾಲಿನವರೆಗೆ ಹೋದೆ. ಬುಡದಲ್ಲಿ ಉದುರಡಿಕೆ ಬಿದ್ದಿತ್ತು. ಒಂದು ಹೆಕ್ಕಿದೆ, ಏನೂ ಆಗಲಿಲ್ಲ. ಇನ್ನೊಂದು ಹೆಕ್ಕಿದೆ. ಲುಂಗಿ ಮಡಿಲು ತುಂಬುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು. ಆಗಲೂ ನೋವಿಲ್ಲ. ಸಂಜೆ ಕಾಫಿ ಲೋಟ ಹಿಡಿದು ಏಳುವಾಗ ಸೊಂಟದಿಂದ ಮೀನಖಂಡದವರೆಗೆ ಹಳೇ ಮಿಂಚು. ಡಿಸ್ಕ್ ಮತ್ತೆ ಹೊರಬಂತು ಅಂತಲೇ ತಿಳಿದೆ. ಅದು ಆಗುವ ಮಾತೇ, ನೂರರಲ್ಲಿ ಸುಮಾರು 5ರಿಂದ 15 ಜನಕ್ಕೆ ಅದೇ ಜಾಗದಲ್ಲಿ ಮತ್ತೆ ಬರುತ್ತೆ. ಡಾಕ್ಟರು ಫೋನಿನಲ್ಲೇ ಹಿಮ್ಮಡಿ ಹೆಜ್ಜೆ, ಮೂತ್ರ ಎರಡೂ ವಿಚಾರಿಸಿ, ಮಾರನೇ ದಿನ ಕರೆಸಿ ನೋಡಿ, ನಡಿಗೆ ಅರ್ಧಕ್ಕಿಳಿಸಿ ಅಂದರು. ಆ ನೋವು ಇಳಿಯಲು ಒಂಬತ್ತು ದಿನ ಬೇಕಾಯ್ತು.

ಬಾಗುವುದೇ ಯಾಕೆ ಅಷ್ಟು ಕೆಟ್ಟದ್ದು ಅಂತ ಆಮೇಲೆ ಫಿಸಿಯೋದವರು ಬಿಡಿಸಿ ಹೇಳಿದರು. ಸ್ವೀಡನ್ನಿನ ನಾಚೆಮ್ಸನ್ ಎಂಬ ವೈದ್ಯರು 1960ರ ದಶಕದಲ್ಲಿ ಡಿಸ್ಕಿನ ಒಳಗೇ ಸೂಜಿ ಇಟ್ಟು ಒತ್ತಡ ಅಳೆದಿದ್ದರಂತೆ. ಮಲಗಿದಾಗ ತೀರಾ ಕಡಿಮೆ, ನಿಂತಾಗ ಅದಕ್ಕಿಂತ ಹೆಚ್ಚು, ಮುಂದಕ್ಕೆ ಬಾಗಿ ಭಾರ ಹಿಡಿದರೆ ನಿಂತದ್ದಕ್ಕಿಂತಲೂ ಬಹಳ ಹೆಚ್ಚು. ಡಿಸ್ಕಿನ ಹೊರಗೋಡೆಯಲ್ಲಿ ಚೂರು ಹೊರಬಂದ ತೂತು ಇನ್ನೂ ಮಾಗುತ್ತಿರುವಾಗ ಆ ಒತ್ತಡ ಅಲ್ಲಿಗೇ ಹೋಗುತ್ತೆ.

ಹಾಗಾಗಿ ಮೊದಲ ಆರು ವಾರ ಬಾಗುವುದು, ಎತ್ತುವುದು, ಸೊಂಟ ತಿರುಚುವುದು ಮೂರೂ ಇಲ್ಲ. ನನಗೆ ಹೇಳಿದ ಮಿತಿ 3 ಕೆಜಿ, ತುಂಬಿದ ಬಿಂದಿಗೆಯೂ ಅದರೊಳಗೆ ಬರುವುದಿಲ್ಲ. ಹಾಲು ಕರೆಯುವುದು, ಹುಲ್ಲಿನ ಹೊರೆ, ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವುದು, ಯಾವುದೂ ಬೇಡ. ಸಂಕದ ಮೇಲೆ ಜಾರಿದರೆ ಬೀಳುವುದಕ್ಕಿಂತ ಬೀಳದಿರಲು ಮೈ ತಿರುಚುವುದರಲ್ಲೇ ಅಪಾಯ ಜಾಸ್ತಿ. ನೇರ ಹೇಳುತ್ತೇನೆ, ಈ ವರ್ಷದ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಡಿ. ನಾಲ್ಕು ಕಾಸು ಕಡಿಮೆ ಬರುತ್ತೆ, ಬರಲಿ. ಮನೆಯಲ್ಲೇ ಬೇಯಿಸಿ ಒಣಗಿಸುವುದು ಅಂತಾದರೆ ಲೆಕ್ಕದ ಪುಸ್ತಕ ಮಾತ್ರ ನಿಮ್ಮದು, ಅದೂ ಎತ್ತರದ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತು, ಎದ್ದು ಓಡಾಡಿ, ಮತ್ತೆ ಕೂತು. ಹಂಡೆಯ ಹತ್ತಿರ ನಿಂತು ಹದ ನೋಡಬಹುದು, ಬೆಂದ ಅಡಿಕೆ ಎತ್ತಿ ಸುರಿಯುವುದಕ್ಕೆ ಬೇರೆಯವರೇ ಬೇಕು.

ಚೆಕಪ್ಪಿಗೆ ಹೋಗುವಾಗ ಕಾರಿನ ಮುಂದಿನ ಸೀಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಅರ್ಧ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಿ. ನಾನು ಆಗುಂಬೆ ಘಾಟಿಯ 14 ತಿರುವು ಇಳಿಯುವ ಮೊದಲೂ ಆಮೇಲೂ ನಿಲ್ಲಿಸುತ್ತಿದ್ದೆ.

ಆರು ವಾರದ ಚೆಕಪ್ ಮುಗಿದು ಡಾಕ್ಟರು ಒಪ್ಪಿದ ಮೇಲೆ ಫಿಸಿಯೋ ಹೇಳಿಕೊಡುವ ವ್ಯಾಯಾಮ ಶುರುವಾಗುತ್ತೆ, ಅದನ್ನು ಅವರ ಎದುರೇ ಕಲಿಯಿರಿ, ಮೊಬೈಲ್ ನೋಡಿ ಬೇಡ. ಆಗ ತೋಟದ ಒಣ ದಾರಿಯಲ್ಲಿ ನಡೆಯಬಹುದು. ನಮ್ಮ ತೋಟ 9 ಅಡಿ ಅಂತರದ್ದು, ನೂರು ಮರ ದಾಟಿದರೆ 900 ಅಡಿ, ಲೆಕ್ಕ ಸುಲಭ. 16 ಲೀಟರಿನ ಬೆನ್ನಿನ ಪಂಪು, ವೀಡ್ ಕಟರ್ ಎರಡನ್ನೂ ಕೊನೆಗೆ ಇಡಿ. ವೀಡ್ ಕಟರಿಗೆ ನನಗೆ ಒಪ್ಪಿಗೆ ಸಿಕ್ಕಿದ್ದು ಆರು ತಿಂಗಳ ಮೇಲೆ. ಬೀಡಿ ಸಿಗರೇಟು, ಕವಳದ ಹೊಗೆಸೊಪ್ಪು ಇದ್ದರೆ ಬಿಡಿ. ನಿಕೋಟಿನ್ ಗಾಯ, ಮೂಳೆ ಎರಡನ್ನೂ ಮಾಗಲು ಬಿಡುವುದಿಲ್ಲ, ಸ್ಕ್ರೂ ಹಾಕಿಸಿಕೊಂಡವರಿಗೆ ಇದು ಇನ್ನೂ ಮುಖ್ಯ.

ನೀವು ಬರೆಯಬೇಕಾದದ್ದು ಎರಡು: ಚೀಟಿಯಲ್ಲಿ ಯಾವ ಆಪರೇಷನ್ ಅಂತ ಇದೆ, ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ಹಾಕಲು ಆಗುತ್ತಾ. ಎರಡನೆಯದಕ್ಕೆ ಆಗಲ್ಲ ಅಂತಾದರೆ ಇಲ್ಲಿ ಬರೆಯುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ನಮ್ಮ ಕಮೋಡ್ ಕುರ್ಚಿ ಅಟ್ಟದ ಮೇಲೆ ಸುಮ್ಮನೆ ಕೂತಿದೆ, ತೊಳೆಸಿ ಇಡುತ್ತೇನೆ. ಈ ವಾರ ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗುವವರು ಗುಂಪಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.