‘ಟು ಎ ಫಾಲ್ಟ್’ ಎಂದರೆ ಹೊಗಳಿದರೋ, ಬೈದರೋ?

ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ ಕೆಲಸಕ್ಕೆ ಸೇರಿದ ಮೇಲಿನ ಮೊದಲ ಮೌಲ್ಯಮಾಪನದಲ್ಲಿ ಮ್ಯಾನೇಜರ್ ‘ಹೆಲ್ಪ್‌ಫುಲ್ ಟು ಎ ಫಾಲ್ಟ್’ ಎಂದು ಬರೆದಿದ್ದಾರೆ, ಇದನ್ನು ಹೇಗೆ ತೆಗೆದುಕೊಳ್ಳಲಿ ಎಂದು ಕೇಳಿದ್ದೀರಿ. ನಿದ್ದೆಗೆಡಬೇಕಾದ ಮಾತಲ್ಲ. ಹಾಗೆಂದು ಕಡೆಗಣಿಸುವುದೂ ಬೇಡ.

ಗುಣ ಒಳ್ಳೆಯದೇ, ಆದರೆ ದೋಷವೆನಿಸುವ ಮಟ್ಟ ಮುಟ್ಟಿದೆ ಎಂಬುದು ಅದರ ಅರ್ಥ. ಬಳಕೆಯಲ್ಲಿ ಪ್ರೀತಿಯೇ ಹೆಚ್ಚು. ತೀರಿಕೊಂಡವರನ್ನು ನೆನೆಯುವಾಗ ‘ಜೆನರಸ್ ಟು ಎ ಫಾಲ್ಟ್’ ಎನ್ನುವುದುಂಟು. ತನಗೆಂದು ಏನೂ ಉಳಿಸಿಕೊಳ್ಳದ ಕೊಡುಗೈ ಎಂದು. ಕಚೇರಿಯ ಕಾಗದದಲ್ಲಿ ಬಂದಾಗ ಮಾತ್ರ ಆ ಕೊನೆಯ ಪದಕ್ಕೆ ತೂಕ ಬರುತ್ತದೆ. ನೀವೇ ಬರೆದಿದ್ದೀರಿ: ಪಕ್ಕದ ತಂಡದವರು ಕೇಳಿದ ವರದಿಗಳನ್ನೆಲ್ಲ ಮಾಡಿಕೊಟ್ಟಿರಿ, ನಿಮ್ಮ ಸ್ವಂತ ಕೆಲಸ ಗಡುವು ದಾಟಿತು. ಮ್ಯಾನೇಜರ್ ಹೇಳಿರುವುದು ಅದನ್ನೇ, ನೋಯಿಸದ ಹಾಗೆ.

‘ಅತಿಯಾದರೆ ಅಮೃತವೂ ವಿಷ’ ಎಂದು ನಾವು ಮುಖಕ್ಕೇ ಹೇಳಿಬಿಡುತ್ತೇವೆ. ಇಂಗ್ಲೆಂಡಿನವರು ಅದೇ ಮಾತನ್ನು ಹೊಗಳಿಕೆಯ ಒಳಗಿಟ್ಟು ಕೊಡುತ್ತಾರೆ. ನಮ್ಮ ಕಚೇರಿಯ ಕಿಟಕಿಯಲ್ಲಿದ್ದ ಗಿಡಕ್ಕೆ ಬಂದವರೆಲ್ಲ ನೀರು ಹೊಯ್ದು, ಬುಡ ಕೊಳೆತು ಎಲೆ ಹಳದಿಯಾಗಿತ್ತು. ‘ಕಿಲ್ಡ್ ವಿತ್ ಕೈಂಡ್‌ನೆಸ್’, ಅಕ್ಕರೆಯಿಂದಲೇ ಕೊಂದದ್ದು, ಎಂದರು ಸಹೋದ್ಯೋಗಿಯೊಬ್ಬರು. ಮಕ್ಕಳನ್ನು ಮುದ್ದಿನಿಂದ ಕೆಡಿಸುವವರಿಗೂ ಇದೇ ಮಾತು. ‘ಬೆಂಡ್ ಓವರ್ ಬ್ಯಾಕ್‌ವರ್ಡ್ಸ್’ ಎಂಬುದರಲ್ಲಿ ಸಾಮಾನ್ಯವಾಗಿ ಆಕ್ಷೇಪಣೆ ಇರುವುದಿಲ್ಲ. ನಿಮಗಾಗಿ ಇನ್ನಿಲ್ಲದಂತೆ ಶ್ರಮಪಟ್ಟರು ಎಂದಷ್ಟೇ.

ಎಚ್ಚರ ಬೇಕಾದದ್ದು ‘ಟೂ ಕ್ಲೆವರ್ ಬೈ ಹಾಫ್’ ಎಂಬುದರ ಬಗ್ಗೆ. ಅದರಲ್ಲಿ ಪ್ರೀತಿ ಇಲ್ಲ. ‘ಬೈ ಹಾಫ್’ ಎಂದರೆ ಇಲ್ಲಿ ಅರ್ಧವಲ್ಲ, ತೀರಾ ಎಂದು. 1961ರ ಮಾರ್ಚ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಹಿರಿಯ ಲಾರ್ಡ್ ಸಾಲ್ಸ್‌ಬರಿ, ಆಫ್ರಿಕಾದ ವಸಾಹತುಗಳ ಸ್ವಾತಂತ್ರ್ಯಕ್ಕೆ ವೇಗ ಕೊಟ್ಟಿದ್ದ ತಮ್ಮದೇ ಪಕ್ಷದ ಸಚಿವ ಇಯಾನ್ ಮ್ಯಾಕ್ಲಿಯಡ್ ಅವರನ್ನು ಹೀಗೆ ಕರೆದರು. ಬುದ್ಧಿವಂತ, ಆದರೆ ನಂಬಬೇಡಿ ಎಂಬ ಧ್ವನಿ ಅದರಲ್ಲಿತ್ತು. ಆ ಮಾತು ಮ್ಯಾಕ್ಲಿಯಡ್ ಅವರಿಗೆ ಅಂಟಿಕೊಂಡೇ ಉಳಿಯಿತು. ನಿಮ್ಮ ಬಗ್ಗೆ ಯಾರಾದರೂ ಹಾಗೆಂದರೆ, ಅವರ ವಿಶ್ವಾಸ ಎಲ್ಲಿ ಕಡಿಮೆಯಾಯಿತು ಎಂದು ಹುಡುಕಬೇಕಾಗುತ್ತದೆ.

ನಿಮ್ಮದು ಅಂಥದ್ದಲ್ಲ. ಆದರೂ ಇಷ್ಟು ಬರೆಯುತ್ತಿರುವುದಕ್ಕೆ ಕಾರಣವಿದೆ. ಹಿರಿಯರು ಕೇಳಿದರೆ ಇಲ್ಲವೆನ್ನಬಾರದು ಎಂದು ಬೆಳೆದ ನಮ್ಮ ಹುಡುಗ ಹುಡುಗಿಯರು ಎಲ್ಲರ ಕೆಲಸ ಹೊತ್ತು, ಬಡ್ತಿಯ ಹೊತ್ತಿಗೆ ಹಿಂದೆ ಉಳಿದದ್ದನ್ನು ಕಂಡಿದ್ದೇನೆ, ಸಂಕಟವಾಗುತ್ತದೆ. ಮ್ಯಾನೇಜರ್ ಬಳಿ ಹೋಗಿ, ಯಾವ ಕೆಲಸ ಬಿಟ್ಟರೆ ಒಳ್ಳೆಯದು ಎಂದು ನೇರವಾಗಿ ಕೇಳಿ. ಪಕ್ಕದ ತಂಡದವರು ಮತ್ತೆ ಬಂದರೆ ‘ಈ ವಾರ ಆಗುವುದಿಲ್ಲ, ಮುಂದಿನ ಮಂಗಳವಾರ ಒಂದು ಗಂಟೆ ಕೂತು ನೋಡೋಣ’ ಎನ್ನಿ. ಬಹುಪಾಲು ಜನ ಅದಕ್ಕೆ ಮುನಿಸಿಕೊಳ್ಳುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಮಂಗಳವಾರ ಗುರುತು ಹಾಕಿಕೊಂಡು ಹೋಗುತ್ತಾರೆ.