ಕಾರ್ಬುರೇಟರ್ ಬಿಚ್ಚೋ ಮುಂಚೆ ಟ್ಯಾಂಕಿನ ಕಡೆ ನೋಡಿ

ಪ್ರಶ್ನೆ: ಸಾರ್, ನಮ್ಮ ದೊಡ್ಡಪ್ಪನ ಹಳೇ ಕಾಂಟೆಸ್ಸಾ ಇದೆ, 1.8 ಇಸುಜು ಇಂಜಿನ್‌ದು. ಅದನ್ನು ಡ್ರ್ಯಾಗ್ ರೇಸಿಗೆ (ನೇರ ಟ್ರ್ಯಾಕಿನಲ್ಲಿ ನಿಂತಲ್ಲಿಂದ ಚಿಮ್ಮುವ ಓಟ) ರೆಡಿ ಮಾಡ್ತಾ ಇದ್ದೇವೆ. ಪೆಟ್ರೋಲನ್ನು ಗಾಳಿಗೆ ಬೆರೆಸೋಕೆ ವೆಬರ್ ಕಂಪನಿಯ ಕಾರ್ಬುರೇಟರ್ ಹಾಕಿಸಿದ್ದೇವೆ. ಪೆಟ್ರೋಲ್ ಪಂಪು ಮಾತ್ರ ಇಂಜಿನ್ ಪಕ್ಕ ಕೂರುವ ಹಳೇ ಮೆಕ್ಯಾನಿಕಲ್ ಪಂಪೇ. ಒಂದು, ಎರಡನೇ ಗೇರಿನಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತೆ. ಮೂರನೇ ಗೇರಿಗೆ ಹಾಕಿ ಸ್ವಲ್ಪ ಹೊತ್ತಿಗೆ ಕೆಮ್ಮಿ ಕೆಮ್ಮಿ ಸುಸ್ತಾಗುತ್ತೆ. ಕಾಲು ತೆಗೆದು ನಾಲ್ಕೈದು ಸೆಕೆಂಡ್ ಬಿಟ್ಟರೆ ಮತ್ತೆ ಸರಿ. ಪ್ಲಗ್, ಕಾಯಿಲ್, ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಎಲ್ಲ ಬದಲಾಯಿಸಿ ಆಯಿತು. ಈಗ ಕಾರ್ಬುರೇಟರನ್ನೇ ಬದಲಾಯಿಸಿ ಅಂತಾರೆ ಗ್ಯಾರೇಜಿನವರು.
(ಓದುಗರು, ಗುಬ್ಬಿ ಗೇಟ್, ತುಮಕೂರು)

ಉತ್ತರ: ಬದಲಾಯಿಸಬೇಡಿ. "ನಾಲ್ಕೈದು ಸೆಕೆಂಡ್ ಬಿಟ್ಟರೆ ಮತ್ತೆ ಸರಿ" ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ.

ಕಾರ್ಬುರೇಟರ್ ಒಳಗೆ ಪೆಟ್ರೋಲ್ ನಿಲ್ಲೋಕೆ ಒಂದು ಸಣ್ಣ ಬಟ್ಟಲು ಇರುತ್ತೆ, ಅದರಲ್ಲಿ ಹಿಡಿಯೋದು ಒಂದು ಟೀ ಲೋಟದಷ್ಟೂ ಇಲ್ಲ. ನಿಮ್ಮ ಇಂಜಿನ್ 100 ಎಚ್‌ಪಿ ಕೊಡುತ್ತೆ ಅಂತ ಇಟ್ಟುಕೊಳ್ಳಿ. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಅದಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಬೇಕು, ಅಂದರೆ ಸೆಕೆಂಡಿಗೆ ಎಂಟು ಎಂಎಲ್ ಹತ್ತಿರ. ಮೊದಲೆರಡು ಗೇರಿನಲ್ಲಿ ಗಾಡಿ ಓಡಿದ್ದು ಬಟ್ಟಲಲ್ಲಿ ಮೊದಲೇ ತುಂಬಿದ್ದ ಪೆಟ್ರೋಲಿನಲ್ಲಿ. ಹಿಂದಿನಿಂದ ಬರೋದು ಸಾಲದೆ ಹೋದರೆ ಮೂರನೇ ಗೇರಿನ ಹೊತ್ತಿಗೆ ಬಟ್ಟಲು ಖಾಲಿ. ಕಾಲು ತೆಗೆದಾಗ ಮತ್ತೆ ತುಂಬಿಕೊಳ್ಳುತ್ತೆ. ಊರೊಳಗೆ ಓಡಿಸುವಾಗ ಇದು ಗೊತ್ತೇ ಆಗಲ್ಲ, ಯಾಕಂದರೆ ಅಲ್ಲಿ ಯಾರೂ ಹತ್ತು ಸೆಕೆಂಡ್ ಪೂರ್ತಿ ತುಳಿದು ಹಿಡಿಯಲ್ಲ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಮುಂದಿನ ಸಲ ಟ್ರ್ಯಾಕಿನಲ್ಲಿ ಕೆಮ್ಮಿದ ತಕ್ಷಣ ಕ್ಲಚ್ ಒತ್ತಿ, ಗೇರು ನ್ಯೂಟ್ರಲ್‌ಗೆ ಹಾಕಿ ಇಗ್ನಿಷನ್ ಆಫ್ ಮಾಡಿ, ಸ್ಟೀರಿಂಗ್ ಲಾಕ್ ಆಗುವ ಕಡೆಗೆ ಮಾತ್ರ ಕೀ ತಿರುಗಿಸಬೇಡಿ, ಗಾಡಿ ಉರುಳಿಕೊಂಡು ಹೋಗಿ ನಿಲ್ಲಲಿ. ಇಂಜಿನ್ ತಣ್ಣಗಾದ ಮೇಲೆ ಕಾರ್ಬುರೇಟರಿನ ಮೇಲಿನ ಮುಚ್ಚಳ ತೆಗೆದು ನೋಡಿ. ಬಟ್ಟಲು ತುಂಬಿದ್ದರೆ ನನ್ನ ಮಾತು ತಪ್ಪು, ಇಗ್ನಿಷನ್ ಕಡೆ, ಅಂದರೆ ಕಿಡಿ ಕೊಡುವ ಭಾಗಗಳಲ್ಲಿ, ರೋಗ ಹುಡುಕಿ. ಪೆಟ್ರೋಲ್ ತಳದಲ್ಲಿದ್ದರೆ ಹಿಂದಕ್ಕೆ, ಪಂಪು ಮತ್ತು ಟ್ಯಾಂಕಿನ ಕಡೆಗೆ ಹೋಗೋಣ.

ಈಗ ಅಳತೆ. ಕಾರ್ಬುರೇಟರಿಗೆ ಬರುವ ಪೈಪು ಬಿಚ್ಚಿ, ಅದಕ್ಕೆ ಉದ್ದದ ಹೋಸ್ ಸೇರಿಸಿ, ಇಂಜಿನ್‌ನಿಂದ ದೂರ ನೆಲದ ಮೇಲಿಟ್ಟ ಕ್ಯಾನಿಗೆ ಬಿಡಿ. ಬಟ್ಟಲಲ್ಲಿ ಉಳಿದದ್ದರಲ್ಲೇ ಇಂಜಿನ್ ಐಡಲ್‌ನಲ್ಲಿ ಸ್ವಲ್ಪ ಹೊತ್ತು ಓಡುತ್ತೆ. 30 ಸೆಕೆಂಡಿಗೆ ಎಷ್ಟು ಬಂತು ನೋಡಿ. ಕಾಲು ಲೀಟರಿಗಿಂತ ಕಡಿಮೆ ಬಂದರೆ ಆ ಪಂಪಿನ ಮೇಲೆ ನಾನಂತೂ ನಂಬಿಕೆ ಇಡಲ್ಲ, ಅದರ ಎರಡರಷ್ಟು ಬಂದರೆ ನೆಮ್ಮದಿ. (ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಬೀಡಿ ಹಚ್ಚುವ ಹೆಲ್ಪರ್ ಟೀ ಅಂಗಡಿಗೆ ಹೋಗಿರಲಿ.)

ಕಡಿಮೆ ಬಂತು ಅಂದುಕೊಳ್ಳಿ, ಪಂಪಿನ ತಪ್ಪಾ, ಅದರ ಹಿಂದಿನದಾ? ಪಂಪಿಗೆ ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ, ಆ ಜಾಗದಲ್ಲಿ ಒಂದು ತುಂಡು ಹೋಸ್ ಹಾಕಿ ಶುದ್ಧ ಪೆಟ್ರೋಲಿನ ಕ್ಯಾನಿನಲ್ಲಿ ಅದ್ದಿ, ಮತ್ತೆ ಅಳೆಯಿರಿ. ಈಗ ಧಾರಾಳವಾಗಿ ಬಂದರೆ ಪಂಪು ಚೆನ್ನಾಗಿದೆ, ರೋಗ ಹಿಂದೆ. ಆಗಲೂ ಬರದಿದ್ದರೆ ಪಂಪಿನೊಳಗೆ ಪೆಟ್ರೋಲ್ ಎಳೆದು ತಳ್ಳುವ ಪರದೆ (ಡಯಾಫ್ರಾಮ್) ಹೋಗಿರಬೇಕು, ಇಲ್ಲ ಒಳಗಿನ ವಾಲ್ವ್ ಕಚ್ಚಿಕೊಂಡಿರಬೇಕು.

ಹಿಂದಿನ ರೋಗಗಳಲ್ಲಿ ಟ್ಯಾಂಕಿನ ಮುಚ್ಚಳ ಮೊದಲು. ಗಾಡಿ ಓಡಿಸಿ ಬಂದು ಮುಚ್ಚಳ ತೆಗೆದಾಗ ಉಸ್ ಅಂತ ಗಾಳಿ ಒಳಗೆ ಎಳೆದರೆ ಅದರ ಗಾಳಿ ರಂಧ್ರ ಕಟ್ಟಿದೆ. ಆಮೇಲೆ ಟ್ಯಾಂಕಿನ ತುಕ್ಕು, ಒಳಗಿನ ಜಾಲರಿ. ಎಲ್ಲಕ್ಕಿಂತ ಮೋಸ ಮಾಡೋದು ರಬ್ಬರ್ ಹೋಸ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತೆ. ಹಳೇ ರಬ್ಬರಿಗೆ ಅದು ಆಗಿ ಬರಲ್ಲ. ಹೊರಗಿಂದ ಹೋಸ್ ಹೊಸದರ ಹಾಗೆ ಕಂಡರೂ ಒಳಗೆ ಮೆತ್ತಗಾಗಿ, ಪಂಪು ಜೋರಾಗಿ ಎಳೆದಾಗ ಚಪ್ಪಟೆಯಾಗಿ ಬಿಡುತ್ತೆ. ಎಥನಾಲ್ ತಡೆಯುವ, ಆರ್9 ಅಂತ ಅಚ್ಚಿರುವ ಹೋಸ್ ಕೇಳಿ ತನ್ನಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ.

ಎಲ್ಲ ಸರಿ ಇದ್ದೂ ಕೆಮ್ಮಿದರೆ? ಡ್ರ್ಯಾಗ್ ಗಾಡಿಗೆ ಇನ್ನೊಂದು ಕಾಟ ಇದೆ. ಟ್ಯಾಂಕು ಹಿಂದೆ, ಇಂಜಿನ್ ಮುಂದೆ, ಮಧ್ಯೆ ಸುಮಾರು ಮೂರು ಮೀಟರ್ ಪೈಪು. ಗಾಡಿ ಮುಂದಕ್ಕೆ ಚಿಮ್ಮಿದಾಗ ಪೈಪಿನೊಳಗಿನ ಪೆಟ್ರೋಲ್ ಹಿಂದಕ್ಕೆ ಜಗ್ಗುತ್ತೆ, ಬಸ್ ಹೊರಟಾಗ ನಿಂತವರು ಹಿಂದಕ್ಕೆ ವಾಲೋದಿಲ್ವಾ, ಹಾಗೆ. ಜೋರಾಗಿ ಹೊರಟಾಗ ಪಂಪಿನ ಒತ್ತಡದಲ್ಲಿ ಒಂದು, ಒಂದೂವರೆ ಪಿಎಸ್‌ಐ ಅದಕ್ಕೇ ಹೋಗುತ್ತೆ, ವೆಬರಿಗೆ ಬೇಕಾದ ಒತ್ತಡವೇ ಸುಮಾರು 3 ಪಿಎಸ್‌ಐ. ಅದಕ್ಕೇ ಟ್ಯಾಂಕಿನ ಪಕ್ಕ, ತಗ್ಗಿನಲ್ಲಿ ಒಂದು ಎಲೆಕ್ಟ್ರಿಕ್ ಪಂಪು ಹಾಕಿ ಅನ್ನೋದು. ಪಂಪಿಗೆ ಎಳೆಯೋದಕ್ಕಿಂತ ತಳ್ಳೋದು ಸುಲಭ. ಆದರೆ ಇಂಜೆಕ್ಷನ್ ಕಾರಿನ ಪಂಪು ಸಿಕ್ಕಿತು ಅಂತ ಸುಮ್ನೆ ತಂದು ಹಾಕಬೇಡಿ. ಅದರ ಒತ್ತಡ ಹತ್ತಿಪ್ಪತ್ತು ಪಟ್ಟು ಜಾಸ್ತಿ, ಬಟ್ಟಲು ತುಂಬಿದಾಗ ದಾರಿ ಮುಚ್ಚುವ ಸೂಜಿ (ಫ್ಲೋಟ್ ನೀಡಲ್, ತೇಲುವ ಫ್ಲೋಟ್ ಅದನ್ನು ಒತ್ತುತ್ತೆ) ಅದನ್ನು ತಡೆಯಲ್ಲ, ಪೆಟ್ರೋಲ್ ಬಿಸಿ ಇಂಜಿನ್ ಮೇಲೆ ಸುರಿಯುತ್ತೆ. ಕಾರ್ಬುರೇಟರಿಗೆ ಅಂತಲೇ ಮಾಡಿದ ಪಂಪು, ಜೊತೆಗೆ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್, ಡಿಕ್ಕಿಯಾದರೆ ಕರೆಂಟ್ ಕಡಿಯುವ ಸ್ವಿಚ್, ಮೂರೂ ಬೇಕು.

ಬಿಸಿಲಲ್ಲಿ ಸಾಲಿನಲ್ಲಿ ನಿಂತು ನಿಂತು ಆಮೇಲೆ ಹೊರಟಾಗ ಮಾತ್ರ ಕೆಮ್ಮಿದರೆ ಅದು ಬೇರೆ ಕತೆ: ಪೈಪಿನಲ್ಲೇ ಪೆಟ್ರೋಲ್ ಕುದಿದು ಆವಿಯಾಗಿದೆ. ಘಾಟಿಯಲ್ಲಿ ಅಂಬಾಸಿಡರ್ ಡ್ರೈವರ್‌ಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ನೀವು ಪೈಪನ್ನು ಸೈಲೆನ್ಸರ್ ಪೈಪಿನಿಂದ ದೂರ ಸರಿಸಿ.

ಹೇಳೋದು ಮರೆತೆ, ರೇಸಿಗೆ ಸಮುದ್ರದ ಪಕ್ಕದ ಚೆನ್ನೈಗೆ ಹೋಗ್ತೀರಾ? ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಇಲ್ಲಿಗೆ ಹೊಂದಿಸಿದ ಜೆಟ್ ಅಲ್ಲಿಯ ದಟ್ಟ ಗಾಳಿಗೆ ಸ್ವಲ್ಪ ಸಾಲದೆ ಬರುತ್ತೆ. ಒಂದು ಸೈಜ್ ದೊಡ್ಡ ಮೇನ್ ಜೆಟ್ ಜೇಬಿನಲ್ಲಿರಲಿ.

ಪ್ರಶ್ನೆ: ಅಪ್ಪನ ಪದ್ಮಿನಿ ನಾಲ್ಕು ತಿಂಗಳು ನಿಂತಿತ್ತು. ಈಗ ಸ್ಟಾರ್ಟ್ ಮಾಡಿದರೆ ಕಾರ್ಬುರೇಟರಿನಿಂದ ಪೆಟ್ರೋಲ್ ಸೋರುತ್ತೆ. ಪಂಪಿನ ಒತ್ತಡ ಜಾಸ್ತಿ ಆಗಿದೆಯಾ?
(ಓದುಗರು, ಚಿಂತಾಮಣಿ)

ಉತ್ತರ: ನಿಂತ ಗಾಡಿಯ ಪಂಪಿಗೆ ಶಕ್ತಿ ಎಲ್ಲಿಂದ ಬರಬೇಕು! ಫ್ಲೋಟ್ ನೀಡಲ್ ಮೇಲೆ ಒಣಗಿದ ಪೆಟ್ರೋಲಿನ ಅಂಟು ಕೂತಿದೆ, ಅದು ಮುಚ್ಚಿಕೊಳ್ಳುತ್ತಿಲ್ಲ. ಬಿಚ್ಚಿ ತೊಳೆಯಿರಿ. ಹಾಗೇ ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಕುಲುಕಿದ ಸದ್ದು ಬಂದರೆ ತೂತಾಗಿದೆ, ಹೊಸದು ಹಾಕಿ. ಸರಿಯಾಗೋವರೆಗೆ ಸ್ಟಾರ್ಟ್ ಮಾಡಬೇಡಿ.

ಪ್ರಶ್ನೆ: ಪಂಪು ಬದಲಾಯಿಸಿದ ಮೇಲೆ ರಾತ್ರಿ ಹೊತ್ತು ಕೋಲಾರ–ಮುಳಬಾಗಿಲು ಹೈವೇಯಲ್ಲಿ ಒಂದು ರೌಂಡ್ ಟೆಸ್ಟ್ ಮಾಡಬಹುದಾ?
(ಓದುಗರು, ಕೋಲಾರ)

ಉತ್ತರ: ಬೇಡ. ಆ ಹೊತ್ತಿನಲ್ಲಿ ಹಿಂದಿನ ಲೈಟಿಲ್ಲದ ಟ್ರ್ಯಾಕ್ಟರ್, ಟೊಮೆಟೊ ತುಂಬಿದ ಟೆಂಪೊ ಎಲ್ಲ ಅದೇ ರಸ್ತೆಯಲ್ಲಿ ಇರುತ್ತೆ. ಪಂಪು ನೋಡೋಕೆ ಮೇಲೆ ಹೇಳಿದ ಕ್ಯಾನು, ಗಡಿಯಾರ ಸಾಕು, ರಸ್ತೆಯೇ ಬೇಕಿಲ್ಲ.